ಲಾರಿಯಲ್ಲಿ ಬಂದ ಎಂಬತ್ತೆಂಟು ತುಂಡುಗಳು

ಡಿಸೆಂಬರ್ 3, ರಾತ್ರಿ

ಹೊಸ ಮನೆಗೆ ಮರ ಬಂತು. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ನೀರ್ಚಾಲಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ನಮ್ಮ ಜಾಗಕ್ಕೆ ಮಿನಿ ಲಾರಿ ಬಂದು ನಿಂತಾಗ ಸಂಜೆ ಐದೂವರೆ ದಾಟಿತ್ತು. ಅಡಿಕೆ ತೋಟದ ನಡುವಿನ ಅಂಗಳ, ಬೆಳಕು ಬೇಗ ಇಳಿಯುತ್ತದೆ. ಚಾಲಕನಿಗೆ ಇನ್ನೊಂದು ಬಾಡಿಗೆ ಇತ್ತು, ಇಳಿಸಿ ಚೀಟಿಗೆ ಸಹಿ ಹಾಕಿ ಕೊಡಿ ಎಂದು ಅವಸರಪಡಿಸಿದ. ಪೆನ್ನು ತೆಗೆಯುವಷ್ಟರಲ್ಲಿ ಬಡಗಿ ಆಚಾರಿಯವರು ತಡೆದರು: "ಕತ್ತಲೆಗೆ ಮರ ನೋಡಬಾರದು ಮಾಷ್ಟ್ರೇ. ಇಳಿಸಿ ಇಡಲಿ. ಎಣಿಸಿದ್ದಕ್ಕೆ ಮಾತ್ರ ಸಹಿ ಹಾಕಿ."

ಹಾಗೆಯೇ ಮಾಡಿದೆ. ಚೀಟಿಯ ಮೇಲೆ "88 ತುಂಡು ಎಣಿಸಿ ಇಳಿಸಿಕೊಂಡಿದ್ದೇನೆ, ಗುಣ ಮತ್ತು ಅಳತೆ ನೋಡುವುದು ಬಾಕಿ" ಎಂದು ಬರೆದು ಸಹಿ ಹಾಕಿದೆ, ಅದರ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡೆ. ಮುಂದಿನ ಮಾತುಕತೆಯೆಲ್ಲ ಈ ಒಂದು ಸಾಲಿನ ಮೇಲೆ ನಿಲ್ಲಬಹುದು.

ನಾವು ಹೇಳಿದ್ದು ಇಷ್ಟು. ಮಾಡಿಗೆ, ಅಂದರೆ ಹಂಚಿನ ಛಾವಣಿಗೆ, ಹೆಬ್ಬಲಸಿನ ಪಕ್ಕಾಸು (ಹಂಚಿನ ಭಾರ ಹೊರುವ ಓರೆ ತೊಲೆ) 60, ನಾಲ್ಕು ಇಂಚು ಅಗಲ, ಎರಡೂವರೆ ಇಂಚು ದಪ್ಪ, 12 ಅಡಿ ಉದ್ದ. ಏಳು ಬಾಗಿಲಿಗೆ ಹಲಸಿನ ದಾರಂದದ (ಬಾಗಿಲ ಚೌಕಟ್ಟಿನ) ಮರ 28 ತುಂಡು, ಐದು ಇಂಚಿಗೆ ಮೂರು ಇಂಚು. ಬಾಗಿಲಿಗೆ ಎರಡು ಕಾಲು, ಮೇಲಿನ ಪಟ್ಟಿ, ಹೊಸ್ತಿಲು. ಗೋಡೆ ಮುರಕಲ್ಲಿನದು, ಅಂದರೆ ಕೆಂಪು ಜಂಬಿಟ್ಟಿಗೆಯದು, ಸದ್ಯ ಕಿಟಕಿಯ ಕೆಳಮಟ್ಟಕ್ಕೆ ಬಂದಿದೆ. ಹಂಚು ಹಳೆಯ ಮನೆಯದು. ಅದನ್ನು ಬಿಚ್ಚುವಾಗ ಒಂದೊಂದನ್ನೂ ಬಡಿದು ನೋಡಿ, ಟಣ್ಣೆನ್ನುವುದನ್ನು ಮಾತ್ರ ಎತ್ತಿಟ್ಟಿದ್ದೇವೆ.

ಡಿಸೆಂಬರ್ 4

ಶಾಲೆಗೆ ರಜೆ ಹಾಕಿದೆ. ಬೆಳಗ್ಗೆ ಏಳಕ್ಕೆ ಆಚಾರಿಯವರು ಬಂದರು. ನಾನು ತರಗತಿಯ ಸೀಮೆಸುಣ್ಣ ತಂದಿದ್ದೆ: ಒಳ್ಳೆಯದಕ್ಕೆ ಬಿಳಿ ಸುತ್ತು, ಜಾಗ ನೋಡಿ ಹಾಕಬೇಕಾದದ್ದಕ್ಕೆ ಹಳದಿ ಗೆರೆ, ವಾಪಸಿಗೆ ಕೆಂಪು ಕತ್ತರಿ.

ಮರವನ್ನು ಮುಖ ನೋಡಿ ಕೊಳ್ಳುವವರು ನಮ್ಮಲ್ಲಿ ಬಹಳ. ಮರದ ಮಿಲ್ಲಿನಿಂದ ಆಗಷ್ಟೇ ಬಂದ ಹಲಸಿನ ಹಲಗೆ ಅರಸಿನದ ಬಣ್ಣಕ್ಕೆ ಹೊಳೆಯುತ್ತದೆ, ಕಣ್ಣು ಅಲ್ಲಿಗೇ ಸೋಲುತ್ತದೆ. ಆದರೆ ತುಂಡಿನ ನಿಜವಿರುವುದು ತುದಿಯಲ್ಲಿ. ಕೊಯ್ದ ತುದಿಯನ್ನು ನೋಡಿದರೆ ಆ ತುಂಡು ದಿಮ್ಮಿಯ ಯಾವ ಭಾಗದಿಂದ ಬಂತು, ಚೇಗು (ಒಳಗಿನ ಗಟ್ಟಿ ಮರ) ಎಷ್ಟು, ಬಿಳಿ (ಹೊರಗಿನ ಎಳೆ ಮರ) ಎಷ್ಟು, ನಡುವಿನ ತಿರುಳು ಒಳಗೆ ಸಿಕ್ಕಿಕೊಂಡಿದೆಯೋ ಹೊರಗೆ ಹೋಗಿದೆಯೋ ಎಲ್ಲವೂ ಕಾಣುತ್ತದೆ. ತಿರುಳು ಎಂದರೆ ಮರ ಸಸಿಯಾಗಿದ್ದಾಗಿನ ನಡುಗಡ್ಡಿ. ಅದನ್ನು ಒಳಗಿಟ್ಟುಕೊಂಡು ಕೊಯ್ದ ತುಂಡು ಒಣಗುವಾಗ ಸೀಳದೇ ಇರುವುದು ಅಪರೂಪ. ಮರ ಒಣಗುವಾಗ ವರ್ಷದ ಬಳೆಗಳ ಸುತ್ತ ಎಷ್ಟು ಕುಗ್ಗುತ್ತದೆಯೋ ಅದರ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ನಡುವಿನಿಂದ ಹೊರಕ್ಕೆ ಕುಗ್ಗುತ್ತದೆ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೆ ಇಲ್ಲದಷ್ಟು. ಸುತ್ತ ಹೆಚ್ಚು, ಅಡ್ಡ ಕಡಿಮೆ. ಈ ಜಗ್ಗಾಟದಲ್ಲಿ ತಿರುಳಿನಿಂದ ಹೊರಕ್ಕೆ ಬಿರುಕು ಓಡುತ್ತದೆ.

ನಮ್ಮ ತುಂಡುಗಳ ತುದಿಗೆಲ್ಲ ಕೆಂಪು ಬಣ್ಣ ಬಳಿದಿತ್ತು. ಬಣ್ಣ ಬಳಿಯುವುದು ತಪ್ಪಲ್ಲ. ಮರದ ನೀರು ಮೈಯಿಂದ ಹೋಗುವುದಕ್ಕಿಂತ ತುದಿಯಿಂದ ಹಲವು ಪಟ್ಟು ವೇಗವಾಗಿ ಹೋಗುತ್ತದೆ, ಅದನ್ನು ತಡೆಯದಿದ್ದರೆ ತುದಿಯೊಂದೇ ಮೊದಲು ಒಣಗಿ ಒಡೆಯುತ್ತದೆ. ಆದರೆ ಬಣ್ಣದ ಕೆಳಗೆ ಏನಿದೆ ಎಂದು ನೋಡದೆ ಒಪ್ಪಿಕೊಳ್ಳುವುದು ಹೇಗೆ? ಮಿಲ್ಲಿಗೆ ಫೋನ್ ಮಾಡಿದರೆ, ತುದಿ ಕೊಯ್ದರೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದರು. ಕೆರೆಯುತ್ತೇವೆ ಎಂದೆ. ಅದಕ್ಕೆ ಬೇಡ ಎನ್ನಲಿಲ್ಲ.

ಆಚಾರಿಯವರು ಅಗಲದ ಉಳಿಯನ್ನು ಹರಿತ ಮಾಡಿ ಕುಳಿತರು. ಉಳಿಯನ್ನು ತುದಿಯ ಮೇಲೆ ಮಲಗಿಸಿ, ಹೆಬ್ಬೆರಳಿನಿಂದ ಒತ್ತಿ, ತಮ್ಮ ಕಡೆಗೆ ಎಳೆಯುವುದು. ಕೆಂಪು ಬಣ್ಣ ಹೊಟ್ಟಿನ ಹಾಗೆ ಉದುರುತ್ತದೆ, ಕೆಳಗೆ ಜೇನಿನ ಬಣ್ಣದ ಸಣ್ಣ ಕಿಟಕಿ ತೆರೆಯುತ್ತದೆ. ಮೊದಲ ಒಂಬತ್ತು ಪಕ್ಕಾಸು ಚೆನ್ನಾಗಿದ್ದವು. ಹತ್ತನೆಯದರಲ್ಲಿ ಉಳಿ ಸರಾಗ ಹೋಗದೆ ಮಧ್ಯದಲ್ಲಿ ಮೃದುವಾಗಿ ಇಳಿಯಿತು. ಆಚಾರಿಯವರು ಉಗುರಿನಿಂದ ಕೆದಕಿದರು. ಮರದ ಹುಡಿಯನ್ನು ಗೋಂದಿನಲ್ಲಿ ಕಲಸಿ ತುಂಬಿದ್ದು ಕಡಲೆಕಾಳಿನಷ್ಟು ಉದುರಿತು. ಅದರ ಹಿಂದೆ ತಿರುಳಿನಿಂದ ನಕ್ಷತ್ರದ ಹಾಗೆ ನಾಲ್ಕು ಕಡೆಗೆ ಓಡಿದ ಬಿರುಕು. ತೆಂಗಿನ ಗರಿಯ ಕಡ್ಡಿಯನ್ನು ತೂರಿಸಿದೆ, ಒಂಬತ್ತು ಇಂಚು ಒಳಗೆ ಹೋಯಿತು.

ನನಗೆ ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ. ಬಿರುಕು ಮರದ ಸ್ವಭಾವ, ಅದಕ್ಕೆ ಮಿಲ್ಲನ್ನು ದೂರುವುದಿಲ್ಲ. ಆದರೆ ಯಾರೋ ಕುಳಿತು, ಹುಡಿ ಕಲಸಿ, ತುಂಬಿ, ಒಣಗಿಸಿ, ಮೇಲೆ ಬಣ್ಣ ಬಳಿದಿದ್ದಾರೆ. ಆ ಪಕ್ಕಾಸಿನ ಕೆಳಗೆ ನನ್ನ ಮಕ್ಕಳು ಮಲಗಬೇಕು. ಅಂಥವು ಒಟ್ಟು ಐದು ಸಿಕ್ಕವು. ಕೆಂಪು ಕತ್ತರಿ.

ಮಧ್ಯಾಹ್ನದ ಮೇಲೆ ನೇರ ನೋಡಿದೆವು. ತುಂಡಿನ ಒಂದು ತುದಿಯನ್ನು ಮರಕುದುರೆಯ ಮೇಲಿಟ್ಟು, ಇನ್ನೊಂದು ತುದಿಗೆ ಕಣ್ಣಿಟ್ಟು, ಅಂಚಿನ ಉದ್ದಕ್ಕೂ ನೋಟ ಓಡಿಸುವುದು. ಬಾಗು ಕೂಡಲೇ ಕಾಣುತ್ತದೆ. ತಿರುಚು ಕಾಣುವುದು ಕಷ್ಟ. ಅದಕ್ಕೆ ಆಚಾರಿಯವರು ಒಂದೇ ಅಳತೆಯ ಎರಡು ನೇರ ಪಟ್ಟಿಗಳನ್ನು ಪಕ್ಕಾಸಿನ ಎರಡು ತುದಿಗೆ ಅಡ್ಡ ಇಟ್ಟರು. ಹತ್ತಿರದ ಪಟ್ಟಿಯ ಮೇಲಂಚಿನ ಮೇಲಿಂದ ದೂರದ ಪಟ್ಟಿಯನ್ನು ನೋಡಬೇಕು. ಎರಡು ಗೆರೆ ಒಂದಾದರೆ ಮರ ಸರಿ. ಒಂದರ ಎಡ ಮೂಲೆ ಎದ್ದು ಕಂಡರೆ ಮರ ತಿರುಚಿದೆ. ಹನ್ನೆರಡು ಅಡಿಯ ಆಚೆ ಕಾಲಿಂಚು ಎದ್ದಿರುವುದನ್ನೂ ಈ ಎರಡು ಕೋಲು ಹೇಳಿಬಿಡುತ್ತವೆ.

ಬಾಗಿದ ಪಕ್ಕಾಸಿಗೆ ಮದ್ದಿದೆ. ಬೆನ್ನು ಮೇಲಕ್ಕೆ ಮಾಡಿ ಕೂರಿಸಿದರೆ ಹಂಚಿನ ಭಾರಕ್ಕೆ ನೇರವಾಗುತ್ತದೆ. ಆ ಭಾರವೇನೂ ಸಣ್ಣದಲ್ಲ. ಚದರ ಮೀಟರಿಗೆ ಸುಮಾರು 15 ಮಂಗಳೂರು ಹಂಚು, ಒಂದೊಂದೂ ಎರಡೂವರೆ ಕಿಲೋ ಹತ್ತಿರ, ಮಳೆಗಾಲದಲ್ಲಿ ನೀರು ಕುಡಿದು ಇನ್ನೂ ಹೆಚ್ಚು. ಆದರೆ ತಿರುಚಿದ್ದಕ್ಕೆ ಮದ್ದಿಲ್ಲ. ಅದರ ಮೇಲೆ ರೀಪು (ಹಂಚು ಕೂರುವ ಅಡ್ಡಪಟ್ಟಿ) ಕೂರುವುದಿಲ್ಲ, ರೀಪು ಕೂರದಿದ್ದರೆ ಹಂಚಿನ ಹಲ್ಲು ಕಚ್ಚುವುದಿಲ್ಲ, ನಡು ಮಳೆಗಾಲದ ಆಟಿ ತಿಂಗಳ ಗಾಳಿಮಳೆಗೆ ಅಲ್ಲಿಂದಲೇ ಸೋರುತ್ತದೆ. ಮೂರಕ್ಕೆ ಕೆಂಪು ಕತ್ತರಿ ಬಿತ್ತು. ಬಾಗಿದ ಏಳಕ್ಕೆ ಹಳದಿ ಗೆರೆ ಎಳೆದು, ಬೆನ್ನಿನ ಕಡೆಗೆ ಬಾಣದ ಗುರುತು ಹಾಕಿದೆವು.

ಡಿಸೆಂಬರ್ 5

ಗಂಟುಗಳನ್ನು ನೋಡುವುದಕ್ಕೇ ಅರ್ಧ ದಿನ ಹಿಡಿಯಿತು. ಗಂಟಿಲ್ಲದ ಮರ ಬೇಕೆಂದು ಹಟ ಮಾಡಿದರೆ ಕಾಡೇ ಸಾಲದು. ಕೊಂಬೆ ಹುಟ್ಟಿದಲ್ಲಿ ಗಂಟು ಇದ್ದೇ ಇರುತ್ತದೆ. ಗಟ್ಟಿಯಾಗಿ ಸುತ್ತಲ ಮರದೊಡನೆ ಬೆಸೆದ ಗಂಟು ಬೇರೆ, ಕಪ್ಪು ಸುತ್ತು ಕಟ್ಟಿಕೊಂಡು ಒಣಗಿದ ಗಂಟು ಬೇರೆ. ಎರಡನೆಯದನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಬೊಕ್ಕೆನ್ನುತ್ತದೆ, ನಾಳೆ ಕಳಚಿ ಬಿದ್ದು ತೂತಾಗುತ್ತದೆ.

ಅದಕ್ಕಿಂತ ಮುಖ್ಯ ಗಂಟು ಎಲ್ಲಿದೆ ಎಂಬುದು. ಭಾರ ಹೊತ್ತ ಪಕ್ಕಾಸಿನ ಮೇಲಂಚು ಒತ್ತಿಕೊಳ್ಳುತ್ತದೆ, ಕೆಳಂಚು ಎಳೆದುಕೊಳ್ಳುತ್ತದೆ. ಎಳೆತದಲ್ಲಿ ಮರವನ್ನು ಹಿಡಿದಿಡುವುದು ಉದ್ದಕ್ಕೆ ಓಡುವ ನಾರು. ಗಂಟಿನ ಬಳಿ ನಾರು ಬಳಸಿ ಹೋಗುತ್ತದೆ, ಹಾಗಾಗಿ ಕೆಳಂಚಿನ ನಡುಮಧ್ಯದಲ್ಲಿ ಗಂಟಿದ್ದರೆ ಅಲ್ಲಿಂದಲೇ ಮುರಿಯುತ್ತದೆ. ಅದೇ ಪಕ್ಕಾಸನ್ನು ಮಗುಚಿ ಹಾಕಿದರೆ ಗಂಟು ಮೇಲಂಚಿಗೆ ಬಂದು ನಿರುಪದ್ರವಿಯಾಗುತ್ತದೆ. ಗೋಡೆಯ ಹತ್ತಿರದ ತುದಿಗೆ ಬರುವಂತೆ ತಿರುಗಿಸಿದರೆ ಇನ್ನೂ ಒಳ್ಳೆಯದು. ಹದಿಮೂರು ತುಂಡುಗಳಿಗೆ ಹೀಗೆ ಜಾಗ ಬರೆದೆವು: "ಗಂಟು ಮೇಲೆ", "ಗಂಟು ಗೋಡೆಗೆ". ಇವುಗಳಲ್ಲಿ ಒಂದನ್ನೂ ನಾನು ಕೆಟ್ಟ ಮರ ಎನ್ನಲಾರೆ. ಹೇಗೆ ಬೇಕಾದರೂ ಹಾಕುತ್ತೇನೆ ಎನ್ನುವವನ ಕೈಗೆ ಸಿಕ್ಕಿದ್ದರೆ ಕೆಟ್ಟ ಮರವಾಗುತ್ತಿತ್ತು, ಅಷ್ಟೇ.

ನಾರಿನ ಓಟವನ್ನೂ ನೋಡಿದೆವು. ಸೂಜಿಯನ್ನು ಮರದ ಮೇಲೆ ಹಗುರವಾಗಿ ಎಳೆದರೆ ಅದು ತಾನಾಗಿ ನಾರಿನ ಜೊತೆ ಜಾರುತ್ತದೆ. ಆ ಗೀರು ಅಂಚಿಗೆ ಸಮಾನವಾಗಿ ಹೋಗಬೇಕು. ಹದಿನೈದು ಇಂಚು ಉದ್ದಕ್ಕೆ ಒಂದು ಇಂಚಿಗಿಂತ ಹೆಚ್ಚು ಓರೆಯಾದರೆ ಪಕ್ಕಾಸಿಗೆ ಹಾಕಬಾರದೆಂದು ನಾವು ಗೆರೆ ಎಳೆದುಕೊಂಡೆವು. ಎಲ್ಲವೂ ಒಳಗೇ ಇದ್ದವು.

ಆಮೇಲೆ ಕುಟ್ಟೆ, ಮರ ಕೊರೆಯುವ ಹುಳು. ತರಗತಿಯ ಕಪ್ಪು ಚಾರ್ಟ್ ಹಾಳೆಯೊಂದನ್ನು ಕೆಳಗೆ ಹಾಸಿ, ಬಿಳಿ ಇರುವ ತುಂಡುಗಳನ್ನು ಅದರ ಮೇಲೆ ತಟ್ಟಿದೆ. ಮೂರು ಪಕ್ಕಾಸಿನಿಂದ ಮೈದಾ ಹಿಟ್ಟಿನಷ್ಟು ನುಣುಪಾದ ಹುಡಿ ಬಿತ್ತು. ಹತ್ತಿರದಿಂದ ನೋಡಿದರೆ ಗುಂಡುಸೂಜಿಯ ತಲೆಯಷ್ಟು ತೂತುಗಳು. ಹುಡಿ ಹೊಸತು, ಬಿಳಿಚಿಕೊಂಡಿತ್ತು, ಅಂದರೆ ಹುಳು ಇನ್ನೂ ಒಳಗಿದೆ. ಈ ಹುಳು ಚೇಗನ್ನು ಮುಟ್ಟುವುದಿಲ್ಲ. ಬಿಳಿಯಲ್ಲಿರುವ ಪಿಷ್ಟವೇ ಅದರ ಊಟ. ಅಮ್ಮ ಅಂಗಳದ ತುದಿಯಲ್ಲಿ ಕುಳಿತು ನೋಡುತ್ತಿದ್ದವರು, ತಮ್ಮ ತವರಿನಲ್ಲಿ ಕಡಿದ ದಿಮ್ಮಿಯನ್ನು ತಿಂಗಳುಗಟ್ಟಲೆ ಕೆರೆಯಲ್ಲಿ ಮುಳುಗಿಸಿಡುತ್ತಿದ್ದರು ಎಂದು ನೆನಪು ಮಾಡಿದರು. ಅದರ ಗುಟ್ಟು ಇದೇ: ನೀರಿನಲ್ಲಿ ಪಿಷ್ಟ ಕರಗಿ ಕೊಳೆತು ಹೋದ ಮೇಲೆ ಹುಳುವಿಗೆ ಅಲ್ಲಿ ಏನೂ ಉಳಿಯುವುದಿಲ್ಲ.

ಹುಳು ಹಿಡಿದ ಮೂರಕ್ಕೆ ಕೆಂಪು. ಒಂದು ಮೂಲೆಯಲ್ಲಿ ಮಾತ್ರ ಸಪೂರ ಬಿಳಿ ಇದ್ದ, ಹುಳುವಿಲ್ಲದ ಆರಕ್ಕೆ ಹಳದಿ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ನೀರನ್ನು ಅವುಗಳಿಗೆ ಎರಡು ಸಲ ಹಚ್ಚಿ, ಒಳಕೋಣೆಗಳ ಮೇಲೆ ಹಾಕುವುದೆಂದು ನಿಶ್ಚಯಿಸಿದೆವು. ಈ ಔಷಧಿ ಮಳೆನೀರಿಗೆ ತೊಳೆದುಹೋಗುತ್ತದೆ, ಆದ್ದರಿಂದ ಇವು ಇಳಿಮಾಡಿನ ಕಡೆಗೆ ಬರಬಾರದು.

ದಾರಂದದ ಮರದಲ್ಲಿ ಮಾತ್ರ ನಾನು ಬಿಳಿಗೆ ಒಪ್ಪಲಿಲ್ಲ. ದಾರಂದ ನೆಲಕ್ಕೂ ಗೋಡೆಯ ತೇವಕ್ಕೂ ತಾಗಿಕೊಂಡೇ ಇರುತ್ತದೆ, ವರಲೆ (ಗೆದ್ದಲು) ಮೊದಲು ಹತ್ತುವುದು ಅಲ್ಲಿಗೆ. ಹಳೆಯ ಮನೆಯ ಹಲಸಿನ ದಾರಂದದ ಕಾಲೊಂದನ್ನು ಆಚಾರಿಯವರು ಕಟ್ಟಿಗೆಯ ರಾಶಿಯಿಂದ ಎಳೆದು ತಂದು ಹೊಸದರ ಪಕ್ಕ ಇಟ್ಟರು. ಅಜ್ಜನ ಕಾಲದ್ದು, ಹೊಗೆ ಕುಡಿದು ಕರ್ರಗಾಗಿದೆ. ಕೀಸುಳಿಯನ್ನು ಎರಡು ಸಲ ಓಡಿಸಿದರು. ಕಪ್ಪು ಸುರುಳಿಯ ಹಿಂದೆ ಕಂದು ಸುರುಳಿ ಬಂತು, ಅದರ ಕೆಳಗೆ ಬೆಲ್ಲದ ಬಣ್ಣದ ಗಟ್ಟಿ ಮೈ. ನೆಲಕ್ಕೆ ತಾಗುವ ತುದಿಯಲ್ಲೂ ವರಲೆಯ ಒಂದು ಗೀರಿಲ್ಲ. ಒಂದಿಂಚು ಬಿಳಿಯೂ ಇಲ್ಲದ ಪೂರ್ತಿ ಚೇಗು. ಹೊಸ 28ರಲ್ಲಿ ನಾಲ್ಕರ ಮೂಲೆಯಲ್ಲಿ ಬಿಳಿ ಒಂದಿಂಚಿಗೂ ಹೆಚ್ಚಿತ್ತು. ಆ ನಾಲ್ಕನ್ನು ಹಳೆಯದರ ಪಕ್ಕ ಇಟ್ಟು ಚಿತ್ರ ತೆಗೆದೆ.

ಕೊನೆಗೆ ಅಳತೆ. ಮಿಲ್ಲಿನವರು ಲೆಕ್ಕ ಹಾಕುವುದು ಘನ ಅಡಿಯಲ್ಲಿ. ಇಂಚಿನಲ್ಲಿ ಅಗಲ, ಇಂಚಿನಲ್ಲಿ ದಪ್ಪ, ಅಡಿಯಲ್ಲಿ ಉದ್ದ ಗುಣಿಸಿ 144ರಿಂದ ಭಾಗಿಸಬೇಕು. ನಮ್ಮ ಪಕ್ಕಾಸು ಒಂದಕ್ಕೆ 0.83, ಅರುವತ್ತಕ್ಕೆ ಸರಿಯಾಗಿ 50 ಘನ ಅಡಿ, ಬಿಲ್ಲಿನಲ್ಲಿಯೂ ಹಾಗೆಯೇ ಇತ್ತು. ಪ್ರತಿ ತುಂಡನ್ನೂ ಎರಡು ತುದಿ ಮತ್ತು ನಡುವಿನಲ್ಲಿ ಅಳೆದೆವು. ಇಪ್ಪತ್ತೆರಡು ತುಂಡು ಮೂರೂಮುಕ್ಕಾಲು ಇಂಚಿಗೆ ಎರಡೂಕಾಲು ಇಂಚು ಮಾತ್ರ ಇದ್ದವು. ಎರಡೂ ಕಡೆ ಕಾಲಿಂಚು ತಾನೇ ಎನಿಸುತ್ತದೆ. ಲೆಕ್ಕ ಹಾಕಿದರೆ ಒಂದೊಂದರಲ್ಲಿಯೂ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ಮರ ಕಡಿಮೆ, ಒಟ್ಟು 2.86 ಘನ ಅಡಿ. ಬಲದ ದೃಷ್ಟಿಯಿಂದ ಅವನ್ನು ಸಣ್ಣ ಕೋಣೆಗಳಿಗೆ ಹಾಕಬಹುದು, ಆದರೆ ಇಲ್ಲದ ಮರಕ್ಕೆ ದುಡ್ಡು ಕೊಡಲಾಗದು.

ಡಿಸೆಂಬರ್ 7

ಮಿಲ್ಲಿನ ಯಜಮಾನರು ತಾವೇ ಬಂದರು. ಮಾತು ಅರ್ಧ ಮಲಯಾಳದಲ್ಲಿ, ಅರ್ಧ ಕನ್ನಡದಲ್ಲಿ. ಕಾತಲ್ ಎಂದು ಅವರು, ಚೇಗು ಎಂದು ನಾನು, ಹೇಳುತ್ತಿದ್ದದ್ದು ಒಂದನ್ನೇ. ಕಡ್ಡಿ ಹೋಗುವ ಬಿರುಕನ್ನು ತೋರಿಸಿದಾಗ ಅವರು ಮಾತಾಡಲಿಲ್ಲ. ಬಿಳಿ ಇದ್ದ ದಾರಂದದ ಬಗ್ಗೆ ಮಾತ್ರ ಸ್ವಲ್ಪ ಜಗ್ಗಾಡಿದರು. "ಬಣ್ಣ ಬಳಿದರೆ ಯಾರಿಗೆ ಕಾಣುತ್ತದೆ ಮಾಷ್ಟ್ರೇ" ಎಂದರು. ವರಲೆಗೆ ಕಾಣುತ್ತದೆ ಎಂದರು ಆಚಾರಿಯವರು. ಹನ್ನೊಂದು ಪಕ್ಕಾಸು, ನಾಲ್ಕು ದಾರಂದದ ತುಂಡು, ಒಟ್ಟು ಹದಿನೈದು ವಾಪಸ್ ಹೋದವು. ಅಳತೆ ಕಡಿಮೆಯಾದದ್ದನ್ನು ಬಿಲ್ಲಿನಿಂದ ಕಳೆದರು. ಚೀಟಿಯ ಮೇಲಿನ ಆ ಸಾಲನ್ನು ಅವರು ಎರಡು ಸಲ ಓದಿದ್ದನ್ನು ನಾನು ನೋಡಿದೆ.

ಡಿಸೆಂಬರ್ 11

ಬದಲಿ ಹದಿನೈದು ಬಂದವು. ಬಣ್ಣ ಬಳಿಯದೆ ಕಳಿಸಿದ್ದರು. ಎಲ್ಲವೂ ಒಪ್ಪಿಗೆ.

ಇನ್ನು ಉಳಿದದ್ದು ನೀರು. ಕೈಯಿಂದ ಮುಟ್ಟಿ, ಎತ್ತಿ ನೋಡಿ ಒಣಗಿದೆ ಎನ್ನುವುದನ್ನು ನಾನು ನಂಬುವುದಿಲ್ಲ. ಒಂದು ಪಕ್ಕಾಸನ್ನೂ ಒಂದು ದಾರಂದದ ಕಾಲನ್ನೂ ಬಲಿ ಕೊಟ್ಟೆವು. ತುದಿಯಿಂದ ಒಂದಡಿ ಒಳಗೆ ಬಂದು, ಒಂದಿಂಚು ದಪ್ಪದ ಬಿಲ್ಲೆ ಕೊಯ್ದೆವು. ತುದಿಯ ಬಿಲ್ಲೆ ಯಾವಾಗಲೂ ಒಣಗಿಯೇ ಇರುತ್ತದೆ, ಅದು ಸುಳ್ಳು ಹೇಳುತ್ತದೆ. ಕೊಯ್ದ ಕೂಡಲೇ ತೂಗಿ, ಕಾಸರಗೋಡಿನಲ್ಲಿರುವ ಅಕ್ಕನ ಮನೆಯ ಒವೆನ್ನಿನಲ್ಲಿ ನೂರಕ್ಕಿಂತ ತುಸು ಮೇಲಿನ ಬಿಸಿಯಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿದೆ. ಹೋದ ನೀರಿನ ತೂಕವನ್ನು ಒಣಮರದ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ತೇವಾಂಶ. ಪಕ್ಕಾಸಿನ ಬಿಲ್ಲೆ 107 ಗ್ರಾಂ ಇದ್ದದ್ದು 84ಕ್ಕೆ ನಿಂತಿತು, ಅಂದರೆ ಶೇಕಡಾ 27. ಹಲಸಿನದು 189ರಿಂದ 135ಕ್ಕೆ, ಶೇಕಡಾ 40.

ಮರ ಕುಗ್ಗತೊಡಗುವುದು ತೇವ ಮೂವತ್ತರ ಆಸುಪಾಸಿಗಿಂತ ಕೆಳಗಿಳಿದ ಮೇಲೆಯೇ. ಹಾಗಾದರೆ ನಮ್ಮ ಹಲಸು ಇನ್ನೂ ಕುಗ್ಗಲು ಸುರುಮಾಡಿಯೇ ಇಲ್ಲ. ಇವತ್ತಿನ ಐದು ಇಂಚು ಐದು ಇಂಚಾಗಿ ಉಳಿಯುವುದಿಲ್ಲ. ಕರಾವಳಿಯಂಥ ತೇವದ ಹವೆಗೆ ಭಾರತೀಯ ಮಾನಕ 287 ಹೇಳುವ ಮಿತಿ ಪಕ್ಕಾಸಿಗೆ ಶೇಕಡಾ 20, ದಪ್ಪ ದಾರಂದಕ್ಕೆ 16. ಊರಿನ ಪದ್ಧತಿಯಂತೆ ಗೋಡೆ ಕಟ್ಟುವಾಗಲೇ ಈ ದಾರಂದ ನಿಲ್ಲಿಸಿದ್ದರೆ ಬರುವ ಬೇಸಗೆಗೆ ಗೋಡೆಗೂ ಮರಕ್ಕೂ ನಡುವೆ ಬೆರಳಿನ ಉಗುರು ಹೋಗುವ ಸಂದಿ ಬಿಡುತ್ತಿತ್ತು. ಮೇಸ್ತ್ರಿಯವರಿಗೆ ಹೇಳಿ ಬಾಗಿಲಿನ ಜಾಗವನ್ನು ಖಾಲಿ ಬಿಟ್ಟು ಗೋಡೆ ಏರಿಸುವುದೆಂದು ತೀರ್ಮಾನಿಸಿದೆವು. ಅವರಿಗೆ ಅದು ಇಷ್ಟವಾಗಲಿಲ್ಲ. ಮೂಲೆಮಟ್ಟ ತಪ್ಪುತ್ತದೆ ಎಂದರು. ಅಳತೆಗೆ ಹಳೆಯ ಹಲಗೆಯ ಚೌಕಟ್ಟು ಮಾಡಿಕೊಟ್ಟ ಮೇಲೆ ಒಪ್ಪಿದರು.

ಮರವನ್ನು ಪೇರಿಸಿದ್ದು ತೋಟದ ಕೊಟ್ಟಿಗೆಯ ಪಡುಬದಿಗೆ. ಕೆಳಗೆ ಒಂದಡಿ ಎತ್ತರಕ್ಕೆ ಮುರಕಲ್ಲು, ಅದರ ಮೇಲೆ ಮರ. ಸಾಲಿಗೂ ಸಾಲಿಗೂ ನಡುವೆ ಚೆನ್ನಾಗಿ ಒಣಗಿದ ಅಡಿಕೆ ಮರದ ಸಲಾಕೆ, ಎರಡೆರಡು ಅಡಿಗೆ ಒಂದು, ಮೇಲಿನಿಂದ ಕೆಳಗಿನ ತನಕ ಒಂದೇ ಗೆರೆಯಲ್ಲಿ. ಸಲಾಕೆ ಅತ್ತಿತ್ತ ಆದರೆ ಮರ ಅಲ್ಲಲ್ಲಿ ಜೋತು ಬಾಗಿ ಒಣಗುತ್ತದೆ. ಹೆಚ್ಚು ಬಾಗುವ ಭಯವಿರುವುದನ್ನು ಅಡಿಗೆ ಹಾಕಿ, ಮೇಲೆ ಮುರಕಲ್ಲಿನ ಭಾರ ಇಟ್ಟೆವು. ತುದಿಗಳಿಗೆ ನಾವೇ ಬಣ್ಣ ಬಳಿದೆವು. ಟಾರ್ಪಾಲು ಸುತ್ತಲಿಲ್ಲ, ಒಳಗೆ ಬೆವರಿ ಬೂಸು ಹಿಡಿಯುತ್ತದೆ. ಮೇಲೆ ನೆರಳಿಗೆ ತಗಡು ಮಾತ್ರ.

ಬಲಿ ಕೊಟ್ಟ ಪಕ್ಕಾಸಿನಿಂದ ಎರಡಡಿಯ ತುಂಡು, ಹಲಸಿನಿಂದ ಒಂದೂವರೆ ಅಡಿಯದು ಕೊಯ್ದು, ತುದಿಗೆ ಬಣ್ಣ ಬಳಿದು ಅದೇ ರಾಶಿಯ ನಡುವೆ ಇಟ್ಟಿದ್ದೇನೆ. ಪ್ರತಿ ಭಾನುವಾರ ಅವನ್ನು ಎಳೆದು ತೂಗುವುದು. ಪಕ್ಕಾಸಿನದು ಇವತ್ತು 2548 ಗ್ರಾಂ. ತೇವ 27.4 ಎಂದು ಗೊತ್ತಿರುವುದರಿಂದ ಅದರ ಒಣತೂಕ 2000 ಎಂದು ಲೆಕ್ಕ ಸಿಗುತ್ತದೆ. ಹಲಸಿನದು 3360, ಒಣತೂಕ 2400.

ಫೆಬ್ರವರಿ 22

ಮೂಡಣ ಗಾಳಿ ಜನವರಿಯಿಡೀ ಚೆನ್ನಾಗಿ ಬೀಸಿತು. ಈ ಭಾನುವಾರದ ತೂಕ: ಪಕ್ಕಾಸು 2385, ಅಂದರೆ ಶೇಕಡಾ 19. ಹಲಸು 2960, ಶೇಕಡಾ 23.

ರಾಶಿ ಬಿಚ್ಚಿ ಪಕ್ಕಾಸುಗಳನ್ನು ಮತ್ತೊಮ್ಮೆ ಕೋಲಿಟ್ಟು ನೋಡಿದೆವು. ಎರಡು ತಿರುಚಿಕೊಂಡಿವೆ. ಡಿಸೆಂಬರಿನಲ್ಲಿ ಅವೆರಡಕ್ಕೂ ಬಿಳಿ ಸುತ್ತು ಹಾಕಿದ್ದು ನಾನೇ. ತುದಿಯನ್ನು ಮತ್ತೆ ನೋಡಿದೆ. ತಿರುಳು ಒಳಗಿಲ್ಲ, ಆದರೆ ಅಂಚಿಗೆ ಅರ್ಧ ಇಂಚಿನಷ್ಟು ಹತ್ತಿರದಲ್ಲಿ ಹಾದುಹೋಗಿದೆ, ಬಳೆಗಳು ಆ ಮೂಲೆಯಲ್ಲಿ ಬಿಗಿಯಾಗಿ ಬಳುಕಿವೆ. ಬಿಳಿ ಸುತ್ತನ್ನು ಒರಸಿ ಹಳದಿ ಗೆರೆ ಎಳೆದೆ. ಅವನ್ನು ಮೂರು ಮೂರು ಅಡಿಗೆ ಕೊಯ್ದರೆ ತಿರುಚು ಲೆಕ್ಕಕ್ಕೆ ಬರುವುದಿಲ್ಲ. ಜಗಲಿಯ ಮೂಲೆಮಾಡಿಗೆ ಗಿಡ್ಡ ಪಕ್ಕಾಸು ಹೇಗೂ ಬೇಕು.

ಉಳಿದವು ನಾಳೆಯಿಂದ ಏರುತ್ತವೆ. ಗೋಡೆಯ ಮೇಲೆ ನಿಂತು ಕೂಗುವ ಕ್ರಮದಲ್ಲಿ ಪಟ್ಟಿ ಬರೆದು ಆಚಾರಿಯವರ ಕೈಗೆ ಕೊಟ್ಟಿದ್ದೇನೆ, ಪ್ರತಿ ಸಂಖ್ಯೆಯ ಎದುರು ಬೆನ್ನು ಯಾವ ಕಡೆ, ಗಂಟು ಯಾವ ಕಡೆ ಎಂದು. ಹಲಸಿನ ದಾರಂದಗಳು ರಾಶಿಯಲ್ಲಿಯೇ ಇರುತ್ತವೆ. ಮೇ ಕೊನೆಯ ಪತ್ತನಾಜೆಯ ಒಳಗೆ ಹಂಚು ಮುಚ್ಚಿಬಿಟ್ಟರೆ ಮಳೆಗಾಲಕ್ಕೆ ಅವನ್ನು ಮಾಡಿನ ಕೆಳಗೆ ತಂದು ಪೇರಿಸಬಹುದು, ಹೊಸ ಬಾಗಿಲು ನಿಲ್ಲುವ ತನಕ ಆ ಏಳು ಜಾಗಕ್ಕೂ ಹಳೆಯ ಮನೆಯ ಕದಗಳನ್ನೇ ಕಟ್ಟಿಕೊಂಡು ಇರುತ್ತೇವೆ.